ಡಾಕ್ಟರು ಬರೆದಿಟ್ಟ ಕಾಗದ

ಸಿರುಮುಗೈ
12 ನವೆಂಬರ್ 1936

ಪ್ರೀತಿಯ ತಂಗಮಣಿಗೆ ಅಕ್ಕನ ಆಶೀರ್ವಾದ.

ನೀನು ಹನ್ನೊಂದನೆಯ ದಿನ ಮುಗಿಸಿಕೊಂಡು ರೈಲಿಗೆ ಹೊರಟಾಗ ನಿನ್ನ ಜೊತೆ ನಾಲ್ಕು ಮಾತಾಡಲೂ ಆಗಲಿಲ್ಲ. ಮನೆ ತುಂಬ ಜನ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಥೆ. ನೀನು ಯಾವುದನ್ನು ನಂಬಿಕೊಂಡು ಹೋದೆಯೋ ತಿಳಿಯದು. ಆದ್ದರಿಂದ ನನಗೆ ಗೊತ್ತಿರುವಷ್ಟನ್ನು ಸಾಲಾಗಿ ಬರೆಯುತ್ತೇನೆ. ಅಪ್ಪ ನಮ್ಮಿಬ್ಬರಿಗೂ ಕನ್ನಡ ಅಕ್ಷರ ಕಲಿಸಿದ್ದು ಈಗ ಉಪಯೋಗಕ್ಕೆ ಬಂತು. ಈ ಬೀದಿಯಲ್ಲಿ ಎಲ್ಲರೂ ಮನೆಯೊಳಗೆ ಕನ್ನಡ ಆಡುತ್ತಾರೆ, ಓದಲು ಬರುವುದು ತಮಿಳು ಮಾತ್ರ. ಕಾಗದ ಯಾರ ಕೈಗೆ ಸಿಕ್ಕರೂ ಹೆದರಿಕೆಯಿಲ್ಲ.

ಅವತ್ತು ಬೆಳಿಗ್ಗೆ ನಿನ್ನ ಭಾವನೂ ನನ್ನ ಮೈದುನ ರಾಮಲಿಂಗಂನೂ ಬಣ್ಣ ಹಾಕಿದ ನೂಲು ಒಗೆಯಲು ಭವಾನಿ ಹೊಳೆಗೆ ಹೋದರು. ಹೋಗುವಾಗಲೇ ಇಬ್ಬರಿಗೂ ಮಾತು ಬೆಳೆದಿತ್ತು. ರಾಮಲಿಂಗಂಗೆ ಮಗ್ಗ ಬಿಟ್ಟು ಕೊಯಮತ್ತೂರಿನ ಮಿಲ್ಲಿಗೆ ಸೇರುವ ಆಸೆ. ಇವರು ಬೇಡವೆಂದರೆ ಬೇಡ. "ಮಿಲ್ಲಿನ ಸಂಗು ಊದಿದ್ರೆ ಓಡೋ ಬಾಳು ನಮ್ಗೆ ಯಾಕ್ಡಾ?" ಎಂದು ಬಾಗಿಲಲ್ಲೇ ಕೂಗಾಡಿದರು. ಹತ್ತು ಗಂಟೆಯ ಹೊತ್ತಿಗೆ ರಾಮಲಿಂಗಂ ಒಬ್ಬನೇ ಒದ್ದೆ ನೂಲು ಹೊತ್ತುಕೊಂಡು ಬಂದ. "ಅಣ್ಣ ಎಲ್ಲಿ?" ಎಂದು ಕೇಳಿದೆ. "ಬತ್ತಾನೆ" ಎಂದವನು ಮಗ್ಗದ ಗುಳಿಗೆ ಇಳಿದು ಕುಳಿತ. ಮಧ್ಯಾಹ್ನವಾದರೂ ಇವರು ಬರಲಿಲ್ಲ. ಸಾಯಂಕಾಲ ಕೆಳಗಿನ ಮಡುವಿನಲ್ಲಿ ಸಿಕ್ಕರು. ತಲೆಯ ಹಿಂಭಾಗದಲ್ಲಿ ಗಾಯವಿತ್ತು.

ಪರಿಸಲು ನಡೆಸಿ ಜನರನ್ನು ಹೊಳೆ ದಾಟಿಸುವ ಕರುಪ್ಪುಸಾಮಿ ಹೊಳೆಯ ನಡುವಿನಿಂದ ಇವರಿಬ್ಬರನ್ನು ನೋಡಿದ್ದನಂತೆ. ಅಣ್ಣನ ಎದೆಗೆ ಕೈಯಿಟ್ಟು ತಮ್ಮ ಒಂದು ಸಲ ತಳ್ಳಿದ, ಆಮೇಲೆ ತಾನು ಆ ಕಡೆ ನೋಡಲಿಲ್ಲ ಎಂದು ಪೋಲೀಸರಿಗೆ ಹೇಳಿದ. ಅದರ ಮೇಲೆ ರಾಮಲಿಂಗಂನನ್ನು ಹಿಡಿದುಕೊಂಡು ಹೋದರು. ಕೊಲೆ ಕೇಸು. ಅತ್ತೆಯ ಗತಿ ನೀನೇ ಯೋಚಿಸು. ಒಬ್ಬ ಮಗ ಸುಡುಗಾಡಿನಲ್ಲಿ, ಇನ್ನೊಬ್ಬ ಜೈಲಿನಲ್ಲಿ.

ದೇಹವನ್ನು ಆಸ್ಪತ್ರೆಗೆ ಒಯ್ದು ಕೊಯ್ದರು. ಬಟ್ಟೆಯಲ್ಲಿ ಸುತ್ತಿ ಕೊಟ್ಟರು, ಮುಖ ಮಾತ್ರ ತೋರಿಸಿದರು. ಒಳಗೆ ಏನೇನು ಕಂಡಿತೆಂದು ಡಾಕ್ಟರು ಒಂದು ಕಾಗದ ಬರೆದು ಕೋರ್ಟಿಗೆ ಕಳಿಸಿದ್ದಾರಂತೆ. ಅದರಲ್ಲಿ ಏನಿದೆ ಎಂದು ನನಗೆ ತಿಳಿಯಬೇಕು. ಇವರು ನೀರಿನಲ್ಲಿ ಮುಳುಗಿ ಹೋದರೋ, ನೀರಿಗೆ ಬೀಳುವ ಮೊದಲೇ ಹೋಗಿದ್ದರೋ? ನಿನ್ನ ಯಜಮಾನರು ಕೋರ್ಟಿನಲ್ಲಿ ನಕಲು ಬರೆಯುವ ಗುಮಾಸ್ತರು. ಆ ಕಾಗದ ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕೇಳಿ ಬರೆ. ಯಾಕೆ ಇಷ್ಟು ಅವಸರ ಎಂದು ನೀನು ಕೇಳಬೇಡ.

ಮಗಳು ಚಿನ್ನತಾಯಿ ನಿನ್ನನ್ನು ಕೇಳುತ್ತಾಳೆ. ವೈಕಾಸಿ ತಿಂಗಳಲ್ಲಿ ಅವಳ ಮದುವೆ ಇಟ್ಟುಕೊಂಡಿದ್ದೆವು. ನೆಗಮಂನ ಶಣ್ಮುಗಂ ಮನೆಯವರು ಇನ್ನೂ ಮಾತು ಬದಲಿಸಿಲ್ಲ, ಅದೊಂದು ಉಸಿರು.

ನಿನ್ನ ಅಕ್ಕ
ರುಕ್ಮಣಿ


ದೇವಾಂಗಪೇಟೆ, ಕೊಯಮತ್ತೂರು
19 ನವೆಂಬರ್ 1936

ಅಕ್ಕನಿಗೆ ತಂಗಮಣಿಯ ನಮಸ್ಕಾರ.

ನಿನ್ನ ಕಾಗದ ಓದಿ ಎರಡು ದಿನ ಇವರ ಮುಂದೆ ಬಾಯಿ ಬಿಡಲಾಗಲಿಲ್ಲ. ಮೂರನೆಯ ದಿನ ಊಟಕ್ಕೆ ಕುಳಿತಾಗ ಕೇಳಿದೆ. ಇವರು ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿಬಿಟ್ಟರು. "ಆ ಮಾತು ಈ ಮನೇಲಿ ಬೇಡ" ಎಂದರು.

ಆಮೇಲೆ ತಾವೇ ಸಮಾಧಾನದಿಂದ ಹೇಳಿದರು. ಕೇಸು ನಡೆಯುತ್ತಿರುವಾಗ ಡಾಕ್ಟರ ಕಾಗದ ಕೋರ್ಟಿನ ಸ್ವತ್ತು. ಅಪರಾಧಿ ಎನ್ನಿಸಿಕೊಂಡವನ ವಕೀಲರು ಅರ್ಜಿ ಹಾಕಿದರೆ ನಕಲು ಕೊಡುತ್ತಾರೆ. ಬೇರೆಯವರು ಕೇಳಬೇಕಾದರೆ ತಕ್ಕ ಕಾರಣ ತೋರಿಸಬೇಕು, ಮ್ಯಾಜಿಸ್ಟ್ರೇಟರು ಒಪ್ಪಬೇಕು. ಸಾಕ್ಷಿ ಹೇಳುವವರು ಮೊದಲೇ ಅದನ್ನು ಕೇಳಿಬಿಟ್ಟರೆ ತಾವು ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಅವರಿಗೇ ಗೊತ್ತಾಗದೆ ಹೋಗುತ್ತದಂತೆ. "ನಿಮ್ಮಕ್ಕನೂ ಸಾಕ್ಷಿಯೇ" ಎಂದರು. ನನಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ನೀನು ಹೊಳೆಯ ಹತ್ತಿರವೇ ಹೋಗಿರಲಿಲ್ಲವಲ್ಲ?

ಇವರು ಕೆಟ್ಟವರಲ್ಲ ಅಕ್ಕ. ಭಾವನ ಸುದ್ದಿ ಬಂದ ದಿನ ಹಿತ್ತಲಿಗೆ ಹೋಗಿ ಅತ್ತವರು. ಕಚೇರಿಯ ವಿಷಯದಲ್ಲಿ ಮಾತ್ರ ಕಲ್ಲು.

ನನಗೆ ಈಗ ಐದು ತಿಂಗಳು. ವಾಂತಿ ನಿಂತಿದೆ. ನಿನಗೆ ಇದನ್ನು ಹೇಳುವ ಹೊತ್ತೇ ಬರಲಿಲ್ಲ.

ನಿನ್ನ
ತಂಗಮಣಿ


ಸಿರುಮುಗೈ
2 ಡಿಸೆಂಬರ್ 1936

ತಂಗಮಣಿಗೆ,

ನೀನು ತಾಯಾಗುವ ಸುದ್ದಿ ಕೇಳಿ ಸಂತೋಷವಾಯಿತು. ಮೈ ನೋಡಿಕೋ.

ನಾನು ಮೇಟುಪಾಳಯದ ಒಬ್ಬ ವಕೀಲರನ್ನು ಹಿಡಿದು ಅರ್ಜಿ ಹಾಕಿಸಿದೆ. ಸತ್ತವನ ಹೆಂಡತಿ, ಗಂಡ ಹೇಗೆ ಸತ್ತನೆಂದು ತಿಳಿಯಲು ಕೇಳುತ್ತಿದ್ದಾಳೆ ಎಂದು ಬರೆದರು. ನೆನ್ನೆ ಉತ್ತರ ಬಂತು. ಅರ್ಜಿದಾರಳು ಈ ಕೇಸಿನ ಪಕ್ಷಗಾರಳಲ್ಲ, ವಿಚಾರಣೆ ಮುಗಿಯುವವರೆಗೆ ನಕಲು ಕೊಡಲು ಆಗುವುದಿಲ್ಲ, ಅಷ್ಟೇ. ಪಕ್ಷಗಾರಳಲ್ಲ ಅಂದರೆ ಏನೆಂದು ವಕೀಲರನ್ನು ಕೇಳಿದೆ. "ಕೇಸು ಸರ್ಕಾರಕ್ಕೂ ರಾಮಲಿಂಗಂಗೂ ಅಮ್ಮ, ಲೆಕ್ಕಕ್ಕೆ ನೀವು ಹೊರಗಿನೋರು" ಎಂದರು.

ನಾನು ಹೊರಗಿನವಳು! ಹದಿನೇಳು ವರ್ಷ ಒಂದೇ ಚಾಪೆಯಲ್ಲಿ ಮಲಗಿದವಳು. ಅವರ ಹೊಟ್ಟೆಯೊಳಗೆ ಏನಿತ್ತೆಂದು ಡಾಕ್ಟರಿಗೆ ಗೊತ್ತು, ಹೆಣ ಕೊಯ್ಯುವಾಗ ನೀರು ಹಾಕಿದವನಿಗೆ ಗೊತ್ತು, ಪೋಲೀಸಿಗೆ ಗೊತ್ತು, ಕಟ್ಟು ಬಿಚ್ಚಿ ಕಟ್ಟುವ ಗುಮಾಸ್ತರಿಗೆ ಗೊತ್ತು. ನನಗೆ ಮಾತ್ರ ಗೊತ್ತಾಗಬಾರದು.

ಇಲ್ಲಿ ತಮಿಳು ಪೇಪರಿನಲ್ಲಿ ಒಂದು ಸಲ ಬಂತು, ‘ವೈದ್ಯರ ಪರೀಕ್ಷೆಯಿಂದ ಕೊಲೆಯೆಂದು ಸಾಬೀತು’ ಎಂದು. ಮರುವಾರ ಅದೇ ಪೇಪರಿನಲ್ಲಿ ‘ಮುಳುಗಿ ಸಾವು, ತಮ್ಮನ ಮೇಲೆ ಸಂಶಯ’ ಎಂದು. ಊರಲ್ಲಿ ಒಂದು ಬೀದಿ ಇದನ್ನು ನಂಬುತ್ತದೆ, ಇನ್ನೊಂದು ಬೀದಿ ಅದನ್ನು. ನಾನು ಬೆಳಿಗ್ಗೆ ಒಂದನ್ನು ನಂಬುತ್ತೇನೆ, ಮಧ್ಯಾಹ್ನ ಇನ್ನೊಂದನ್ನು. ರಾಮಲಿಂಗಂಗೆ ಬುತ್ತಿ ಕಟ್ಟಿ ಜೈಲಿಗೆ ಕಳಿಸಲೋ, ಅವನ ಹೆಸರಿಗೆ ಮಣ್ಣು ತೂರಲೋ? ಅತ್ತೆ ಬುತ್ತಿ ಕಟ್ಟುತ್ತಾರೆ. ನಾನು ತಡೆಯುವುದಿಲ್ಲ, ಕೈಯನ್ನೂ ಕೊಡುವುದಿಲ್ಲ.

ನಿನ್ನ ಯಜಮಾನರಿಗೆ ಕಚೇರಿ ದೊಡ್ಡದು. ಇರಲಿ. ಇನ್ನು ಈ ವಿಷಯ ಬರೆದು ನಿನಗೆ ತೊಂದರೆ ಕೊಡುವುದಿಲ್ಲ.

ರುಕ್ಮಣಿ


ದೇವಾಂಗಪೇಟೆ
21 ಡಿಸೆಂಬರ್ 1936

ಅಕ್ಕ,

ಈ ಕಾಗದವನ್ನು ಓದಿದ ಕೂಡಲೇ ಒಲೆಗೆ ಹಾಕು.

ನಿನ್ನ ಕೊನೆಯ ಕಾಗದ ಬಂದಾಗಿನಿಂದ ಇವರು ಮನೆಗೆ ತರುವ ಕಟ್ಟುಗಳ ಮೇಲೆ ಕಣ್ಣಿಟ್ಟಿದ್ದೆ. ಕಚೇರಿಯಲ್ಲಿ ಕೆಲಸ ಮುಗಿಯದಿದ್ದರೆ ಇವರು ಕಟ್ಟುಗಳನ್ನು ಮನೆಗೆ ತಂದು ನಕಲು ಬರೆಯುತ್ತಾರೆ. ತರಬಾರದು, ಆದರೂ ಎಲ್ಲ ಗುಮಾಸ್ತರೂ ತರುತ್ತಾರಂತೆ. ಶನಿವಾರ ತಂದ ಕಟ್ಟಿನ ಮೇಲೆ ಭಾವನ ಹೆಸರು ಕಂಡಿತು. ರಾಮಲಿಂಗಂನ ವಕೀಲರು ನಕಲು ಕೇಳಿದ್ದರಂತೆ. ಭಾನುವಾರ ಬೆಳಿಗ್ಗೆ ಇವರು ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದಾಗ ನಾನು ಬಿಚ್ಚಿ ನೋಡಿದೆ.

ಎಲ್ಲ ಇಂಗ್ಲಿಷು. ಡಾಕ್ಟರ ಅಕ್ಷರ ಇರುವೆ ಹರಿದ ಹಾಗೆ. ಮಿಷನ್ ಶಾಲೆಯಲ್ಲಿ ನಾನು ಕಲಿತದ್ದು ಎಷ್ಟು, ನಿನಗೇ ಗೊತ್ತು. ತಲೆ ಎಂಬ ಮಾತು ಓದಿದೆ, ಗಾಯ ಎಂಬುದನ್ನು ಓದಿದೆ, ನೀರು ಎಂಬುದು ಎರಡು ಕಡೆ ಇತ್ತು. ಅದರ ಕೆಳಗೆ ಒಂದು ಸಾಲಿನಲ್ಲಿ ‘ಬೀಟನ್’ ಎಂದಿತ್ತು. ಅದರ ಹಿಂದಿನ ಮಾತು ನನಗೆ ಓದಲಾಗಲಿಲ್ಲ. ಬೀಟನ್ ಅಂದರೆ ಹೊಡೆದದ್ದು, ಅಷ್ಟು ನನಗೆ ಗೊತ್ತು. ಟೀಚರು ದಿನಾ ಹೆದರಿಸುತ್ತಿದ್ದ ಮಾತು ಅದು. ಬಚ್ಚಲ ಬಾಗಿಲು ಸದ್ದಾಯಿತು, ಕಟ್ಟಿ ಇಟ್ಟುಬಿಟ್ಟೆ.

ಅಂದರೆ ಹೊಡೆದಿದ್ದಾರೆ ಅಕ್ಕ. ಡಾಕ್ಟರು ಹಾಗೇ ಬರೆದಿದ್ದಾರೆ. ಆ ರಾಮಲಿಂಗಂ ನನ್ನ ಮದುವೆಯಲ್ಲಿ ಚಪ್ಪರದ ಕಂಬ ನೆಟ್ಟವನು.

ಯಾರಿಗೂ ಹೇಳಬೇಡ. ನಿನ್ನ ಮನಸ್ಸಿಗೆ ಮಾತ್ರ.

ತಂಗಮಣಿ


ಸಿರುಮುಗೈ
4 ಜನವರಿ 1937

ತಂಗಮಣಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಸುಟ್ಟೆ. ಆದರೆ ಬಾಯಿ ಸುಡಲಾಗಲಿಲ್ಲ.

ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಅತ್ತೆ ಜೈಲಿಗೆ ಕಳಿಸಲು ಕಜ್ಜಾಯ ಮಾಡುತ್ತಿದ್ದರು. ಆ ಎಣ್ಣೆಯ ವಾಸನೆಗೆ ನನಗೆ ಏನಾಯಿತೋ. "ಯಾರಿಗೆ ಮಾಡ್ತೀರಿ? ಹೊಡೆದಿದ್ದಾನೆ ಅಂತ ಡಾಕ್ಟರೇ ಬರೆದವ್ರೆ" ಎಂದುಬಿಟ್ಟೆ. ಅತ್ತೆ ಜಾಲರಿ ಸೌಟನ್ನು ಹಿಡಿದುಕೊಂಡು ಹಾಗೇ ನಿಂತರು. "ಯಾರು ಹೇಳಿದ್ದು?" ಎಂದರು. "ಓದಿದವರು ಹೇಳಿದ್ದು" ಎಂದೆ. ಒಲೆ ಆರಿಸಿದರು. ಮರುದಿನ ಬಟ್ಟೆ ಗಂಟು ಕಟ್ಟಿಕೊಂಡು ನೆಗಮಂಗೆ ತಮ್ಮನ ಮನೆಗೆ ಹೋಗಿಬಿಟ್ಟರು. ಹೋಗುವಾಗ ಕನ್ನಿಯಮ್ಮಾಳ್ ಎಂದರೆ ಊರೆಲ್ಲ ಹೆದರುತ್ತಿದ್ದ ಆ ಹೆಂಗಸು ಬೀದಿಯಲ್ಲಿ ತಲೆಯೆತ್ತಲಿಲ್ಲ. ಅಂದಿನಿಂದ ಜೈಲಿಗೆ ಬುತ್ತಿ ಹೋಗುತ್ತಿಲ್ಲ.

ಮಾತು ಹೇಗೆ ಹೊರಗೆ ಹೋಯಿತೋ, ಪಕ್ಕದ ಮನೆಯ ಜಾನಮ್ಮ ಕೇಳಿಸಿಕೊಂಡಿರಬೇಕು. ಒಂದು ವಾರದಲ್ಲಿ ಊರೆಲ್ಲ ಅದೇ ಮಾತು. ಈಗ ಕರುಪ್ಪುಸಾಮಿ ಟೀ ಅಂಗಡಿಯಲ್ಲಿ ಹೇಳುತ್ತಿದ್ದಾನಂತೆ, ರಾಮಲಿಂಗಂ ಕೈಯಲ್ಲಿ ಕಲ್ಲಿತ್ತು, ಎತ್ತಿದ್ದನ್ನು ಕಣ್ಣಾರೆ ಕಂಡೆ ಎಂದು. ಮೊದಲು ತಳ್ಳಿದ ಎಂದಷ್ಟೇ ಹೇಳಿದ್ದ. ಪೋಲೀಸರು ಮತ್ತೆ ಬಂದು ಬರೆದುಕೊಂಡು ಹೋದರು. ಈ ಸಲ ಗಲ್ಲು ತಪ್ಪದು ಎನ್ನುತ್ತಾರೆ.

ನನಗೆ ಸಮಾಧಾನವಾಗಬೇಕಿತ್ತು. ಗೊತ್ತಾಗಬೇಕು ಅಂದದ್ದು ಗೊತ್ತಾಯಿತು. ಆದರೂ ಸಮಾಧಾನವಿಲ್ಲ. ನಿನಗೆ ಒಂದು ವಿಷಯ ಹೇಳಬೇಕೆಂದು ಬಹಳ ದಿನದಿಂದ ಇತ್ತು. ಇನ್ನು ಅದರ ಅಗತ್ಯವಿಲ್ಲ ಅನ್ನಿಸುತ್ತದೆ. ಹೊಡೆದದ್ದೇ ನಿಜವಾದ ಮೇಲೆ ಅದನ್ನು ಹೇಳಿ ಏನು?

ರುಕ್ಮಣಿ


ದೇವಾಂಗಪೇಟೆ
17 ಜನವರಿ 1937

ಅಕ್ಕ,

ನಾನು ಏನು ಮಾಡಿಬಿಟ್ಟೆ.

ನಿನ್ನ ಕಾಗದ ಓದಿದ ಮೇಲೆ, ಕರುಪ್ಪುಸಾಮಿ ಕಲ್ಲಿನ ಮಾತು ಸೇರಿಸಿದ ಎಂಬುದು ನನ್ನನ್ನು ತಿನ್ನತೊಡಗಿತು. ಇವರು ಹೇಳಿದ್ದು ಇದೇ ಅಲ್ಲವೇ? ಪೊಂಗಲ್‌ಗೆ ನಾಲ್ಕು ದಿನ ಮೊದಲು ಎಲ್ಲವನ್ನೂ ಇವರಿಗೆ ಹೇಳಿಬಿಟ್ಟೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ. ಇವರು ಗೋಡೆಗೆ ಒರಗಿ ಕುಳಿತರು. "ಯಾವ ಸಾಲು ಓದಿದೆ?" ಎಂದರು. ಹೇಳಿದೆ. ಹಲಗೆಯ ಮೇಲೆ ಎರಡು ಮಾತು ಬರೆದು ತೋರಿಸಿದರು. "ಬೀಟನ್ ಅಂದ್ರೆ ಹೊಡೆದದ್ದು. ಬಿಟನ್ ಅಂದ್ರೆ ಕಚ್ಚಿದ್ದು. ಅಲ್ಲಿದ್ದದ್ದು ಬಿಟನ್. ನೀನು ಓದಲಾರದೆ ಬಿಟ್ಟ ಮಾತು ನಾಲಗೆ."

ನಾಲಗೆ ಕಚ್ಚಿಕೊಂಡಿತ್ತು ಅಕ್ಕ. ಡಾಕ್ಟರು ಬರೆದದ್ದು ಅಷ್ಟೇ. ಭಾವನ ನಾಲಗೆಯ ಅಂಚಿನಲ್ಲಿ ಅವರದೇ ಹಲ್ಲಿನ ಗುರುತು. ಶ್ವಾಸಕೋಶದಲ್ಲಿ ನೀರಿತ್ತು, ಮುಳುಗಿಯೇ ಪ್ರಾಣ ಹೋಗಿದೆ. ತಲೆಯ ಗಾಯ ಕಲ್ಲಿನಿಂದ ಹೊಡೆದರೂ ಆಗಬಹುದು, ಕಲ್ಲಿನ ಮೇಲೆ ಬಿದ್ದರೂ ಆಗಬಹುದು. ಯಾವುದೆಂದು ಡಾಕ್ಟರು ಹೇಳಿಲ್ಲ.

ಇಷ್ಟನ್ನೂ ಇವರು ತಮ್ಮ ಬಾಯಿಂದಲೇ ಹೇಳಿದರು. "ತಪ್ಪು ಮಾತು ಹೊರಗೆ ಹೋಗಿದೆ, ಇನ್ನು ಸರಿ ಮಾತನ್ನ ಮುಚ್ಚಿಟ್ಟು ಏನು ಪುಣ್ಯ" ಎಂದರು. ಮರುದಿನ ತಾವೇ ಕಚೇರಿಗೆ ಹೋಗಿ, ಕಟ್ಟನ್ನು ಮನೆಗೆ ತಂದದ್ದು ತಮ್ಮ ತಪ್ಪು ಎಂದು ದೊಡ್ಡ ಗುಮಾಸ್ತರ ಮುಂದೆ ಒಪ್ಪಿಕೊಂಡರು. ಕೆಲಸದಿಂದ ನಿಲ್ಲಿಸಿದ್ದಾರೆ. ಈಗ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಕುಳಿತು ಜನರಿಗೆ ಅರ್ಜಿ ಬರೆದುಕೊಡುತ್ತಾರೆ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬೀದಿಯಲ್ಲಿ ಹೇಳು, ತಪ್ಪಾಯಿತೆಂದು ಹೇಳು. ಅತ್ತೆಗೆ ನೆಗಮಂಗೆ ಹೇಳಿ ಕಳಿಸು. ಇನ್ನೊಂದು. ನನಗೆ ಹೇಳಬೇಕೆಂದಿದ್ದ ಆ ವಿಷಯ ಯಾವುದು?

ತಂಗಮಣಿ


ದೇವಾಂಗಪೇಟೆ
9 ಫೆಬ್ರವರಿ 1937

ಅಕ್ಕನಿಗೆ ನಮಸ್ಕಾರ.

ಮೂರು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಕಾಗದ ತಲುಪಿತೋ ಇಲ್ಲವೋ. ಸೆಷನ್ಸ್ ವಿಚಾರಣೆ ಮಾರ್ಚ್ ಹದಿನೈದಕ್ಕೆ ಎಂದು ಇವರು ಹೇಳಿದರು. ನನ್ನ ಮೇಲೆ ಕೋಪವಿದ್ದರೆ ಅದನ್ನಾದರೂ ಬರೆ.

ತಂಗಮಣಿ


ಸಿರುಮುಗೈ
20 ಫೆಬ್ರವರಿ 1937

ತಂಗಮಣಿ,

ನಿನ್ನ ಮೇಲೆ ಕೋಪವಿಲ್ಲ. ನಾಲಗೆ ಎಂದು ನೀನು ಬರೆದ ಸಾಲನ್ನು ಓದಿ ನಾನು ಮಗ್ಗದ ಪಕ್ಕದಲ್ಲಿ ಕುಳಿತವಳು ಚಿನ್ನತಾಯಿ ಬಂದು ಎಬ್ಬಿಸುವವರೆಗೆ ಏಳಲಿಲ್ಲ.

ನಿನ್ನ ಭಾವನಿಗೆ ಮೂರ್ಛೆ ರೋಗವಿತ್ತು. ನಾಲ್ಕು ವರ್ಷದ ಕೆಳಗೆ ಒಂದು ದೊಡ್ಡ ಜ್ವರ ಬಂದಿತ್ತಲ್ಲ, ಅದರ ಮೇಲೆ ಶುರುವಾಯಿತು. ಆರು ಸಲ ಬಂದಿದೆ. ಐದು ಸಲ ಮುಂಜಾನೆ ಏಳುವ ಹೊತ್ತಿಗೆ, ನಮ್ಮ ಕೋಣೆಯೊಳಗೆ. ಕೈಕಾಲು ಸೆಟೆದುಕೊಂಡು, ಬಾಯಲ್ಲಿ ನೊರೆ. ಬಾಗಿಲಿಗೆ ಅಗುಳಿ ಹಾಕಿ, ಕೈಯಲ್ಲಿ ಬೀಗದ ಕೈ ಹಿಡಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತಿದ್ದೆ. ಎದ್ದ ಮೇಲೆ ಒಂದು ದಿನ ಗಂಜಿ ಕುಡಿಯಲೂ ಆಗುತ್ತಿರಲಿಲ್ಲ. ನಾಲಗೆ ಕಚ್ಚಿ ಹುಣ್ಣಾಗಿರುತ್ತಿತ್ತು.

ಅತ್ತೆಗೂ ಹೇಳಲಿಲ್ಲ. ಇವರು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. "ಅಪ್ಪಂಗೆ ವಲಿಪ್ಪು ಅಂದ್ರೆ ಮಗಳನ್ನ ಯಾರು ಕಟ್ಕೋತಾರೆ?" ಎನ್ನುತ್ತಿದ್ದರು. ನಿಜವೇ ಅಲ್ಲವೇ? ಆ ರೋಗ ರಕ್ತದಲ್ಲಿ ಬರುತ್ತದೆ ಎನ್ನುವವರೇ ಎಲ್ಲ. ಶಣ್ಮುಗಂ ಮನೆಯವರು ಒಂದು ದಿನವೂ ನಿಲ್ಲುವುದಿಲ್ಲ.

ರಾಮಲಿಂಗಂ ಮಿಲ್ಲಿಗೆ ಹೋಗಬಾರದೆಂದು ಇವರು ಅಷ್ಟು ಹಠ ಮಾಡಿದ್ದಕ್ಕೂ ಇದೇ ಕಾರಣ. ನೀರಿಗೆ ಒಬ್ಬರೇ ಇಳಿಯಲು ಹೆದರುತ್ತಿದ್ದರು. ತಮ್ಮ ಪಕ್ಕದಲ್ಲಿರಬೇಕು, ಆದರೆ ಯಾಕೆಂದು ತಮ್ಮನಿಗೆ ಹೇಳಬಾರದು.

ಮೊದಲ ದಿನದಿಂದ ನನಗೆ ಇದೇ ಸಂಶಯ. ಡಾಕ್ಟರ ಕಾಗದಕ್ಕೆ ಅಷ್ಟು ಒದ್ದಾಡಿದ್ದು ಇದಕ್ಕೇ. ಅದರಲ್ಲಿ ಹೊಡೆದಿದ್ದಾರೆ ಎಂದಿದ್ದರೆ ನಾನು ಬಾಯಿ ಬಿಡಬೇಕಾಗಿಲ್ಲ. ಮೂರ್ಛೆ ಎಂದು ಡಾಕ್ಟರೇ ಬರೆದಿದ್ದರೂ ನಾನು ಬಾಯಿ ಬಿಡಬೇಕಾಗಿಲ್ಲ. ಆ ಕಾಗದ ನನ್ನ ಬದಲು ಮಾತಾಡಲಿ ಎಂದು ಕಾದೆ. ಬೀಟನ್ ಎಂದು ನೀನು ಬರೆದಾಗ, ಹೇಳಿಬಿಡುತ್ತೇನೆ ಕೇಳು, ಒಂದು ಗಳಿಗೆ ನನಗೆ ಹಗುರವಾಗಿತ್ತು. ಒಬ್ಬ ಗಂಡಸಿನ ಕುತ್ತಿಗೆಗೆ ಹಗ್ಗ ಬೀಳುವ ಮಾತಿಗೆ ಹಗುರವಾಯಿತು.

ಈಗಲೂ ಗೊತ್ತಿಲ್ಲ. ತಳ್ಳಿದ್ದಕ್ಕೆ ಬಿದ್ದರೋ, ಮೂರ್ಛೆ ಬಂದು ಬಿದ್ದರೋ. ನಾನು ಹೇಳಿದರೆ ಅವನು ಬದುಕಬಹುದು, ಚಿನ್ನತಾಯಿಯ ಬಾಳು ಹೋಗುತ್ತದೆ. ಹೇಳದಿದ್ದರೆ? ಅವನು ಹೊಡೆದೇ ಇದ್ದರೆ? ಹೊಡೆದವನನ್ನು ಉಳಿಸಿ ಮಗಳನ್ನು ಕಳೆದುಕೊಂಡಂತೆ ಆಗುವುದಿಲ್ಲವೇ? ನೀನು ಏನಾದರೂ ಹೇಳು.

ರುಕ್ಮಣಿ


ದೇವಾಂಗಪೇಟೆ
26 ಫೆಬ್ರವರಿ 1937

ಅಕ್ಕ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಇವರಿಗೆ ಓದಿ ಹೇಳಲೇ ಎಂದು ಕೇಳಿದ್ದಕ್ಕೆ, "ಕಾಗದ ಬೇಡ, ವಿಷಯ ಹೇಳು" ಎಂದರು. ಹೇಳಿದೆ. ರಾಮಲಿಂಗಂನ ವಕೀಲರು ಬಾಲಸುಬ್ರಮಣಿಯನ್ ಎಂದು, ಒಳ್ಳೆಯವರಂತೆ. ಹಲ್ಲಿನ ಗುರುತನ್ನು ಅವರೂ ನೋಡಿದ್ದಾರೆ. ನಿಮ್ಮಣ್ಣನಿಗೆ ಮೂರ್ಛೆ ಇತ್ತೇ ಎಂದು ಜೈಲಿನಲ್ಲೇ ಕೇಳಿದರಂತೆ. ರಾಮಲಿಂಗಂ ಇಲ್ಲ ಎಂದನಂತೆ. ಇದು ಕಚೇರಿಯಲ್ಲಿ ಎಲ್ಲರೂ ಆಡಿಕೊಳ್ಳುವ ಮಾತು. ಬಿದ್ದ ಏಟಿಗೂ ನಾಲಗೆ ಕಚ್ಚಿಕೊಳ್ಳಬಹುದು, ಮೂರ್ಛೆ ಇತ್ತೆಂದು ಹೇಳುವವರು ಇಲ್ಲದಿದ್ದರೆ ಆ ಗುರುತಿಗೆ ಬೆಲೆಯಿಲ್ಲ.

ಏನು ಮಾಡೆಂದು ಹೇಳುವ ಯೋಗ್ಯತೆ ನನಗಿಲ್ಲ. ಒಂದು ಮಾತನ್ನು ತಪ್ಪು ಓದಿ ಇಷ್ಟು ಮಾಡಿದವಳು ನಾನು. ಆದರೆ ನನ್ನ ಹೊಟ್ಟೆಯಲ್ಲಿರುವುದು ಹೆಣ್ಣಾದರೆ, ಅವಳನ್ನು ಒಂದು ಮನೆ ಸೇರಿಸಲು ಇನ್ನೊಬ್ಬರ ಮಗ ಸಾಯಬೇಕೆಂದರೆ, ನಾನು ಹೇಗೆ ಅವಳ ಮುಖ ನೋಡಲಿ ಎಂದು ಒಂದೇ ಸಮನೆ ಯೋಚಿಸುತ್ತಿದ್ದೇನೆ.

ಹೆರಿಗೆಗೆ ಹದಿನೈದಿಪ್ಪತ್ತು ದಿನವಿದೆ. ಕೋರ್ಟಿಗೆ ನಾನು ಬರಲಾರೆ. ಇವರು ಹೊರಗೆ ಮರದ ಕೆಳಗೆ ಇರುತ್ತಾರೆ.

ತಂಗಮಣಿ


ಸಿರುಮುಗೈ
2 ಏಪ್ರಿಲ್ 1937

ತಂಗಮಣಿಗೂ ಹಸುಗೂಸಿಗೂ ಅಕ್ಕನ ಆಶೀರ್ವಾದ.

ಹೆಣ್ಣು ಮಗು ಎಂದು ನಿನ್ನ ಯಜಮಾನರು ಕೋರ್ಟಿನ ಮೆಟ್ಟಿಲಲ್ಲೇ ಹೇಳಿದರು. ನೋಡಲು ಬರಲಾಗಲಿಲ್ಲ, ಸಾವಿನ ಮನೆಯವಳು ಬಾಣಂತಿಯ ಹತ್ತಿರ ಬರುವುದು ಬೇಡವೆಂದು. ಬಿಡುಗಡೆಯ ಸುದ್ದಿಯನ್ನು ಅವರು ಹೇಳಿರುತ್ತಾರೆ. ಅವರನ್ನು ಒಳಗೆ ಬಿಟ್ಟಿರಲಿಲ್ಲ, ಆದ್ದರಿಂದ ಒಳಗೆ ನಡೆದದ್ದನ್ನು ನಾನು ಬರೆಯುತ್ತೇನೆ.

ಮೊದಲು ಡಾಕ್ಟರು ಬಂದರು. ನನ್ನನ್ನು ಇನ್ನೂ ಸಾಕ್ಷಿಯೆಂದು ಕರೆದಿರಲಿಲ್ಲ, ಸತ್ತವರ ಹೆಂಡತಿಯೆಂದು ಒಳಗೆ ಕೂರಲು ಬಿಟ್ಟಿದ್ದರು. ನಾನು ನಾಲ್ಕು ತಿಂಗಳು ಒದ್ದಾಡಿ ಸಿಗದಿದ್ದ ಕಾಗದವನ್ನು ಅವರು ಎಲ್ಲರ ಮುಂದೆ ನಿಂತು ಓದಿದರು. ಒಬ್ಬರು ತಮಿಳಿನಲ್ಲಿ ಹೇಳುತ್ತಾ ಹೋದರು. ಹೃದಯ ಇಷ್ಟು ತೂಕ, ಹೊಟ್ಟೆಯಲ್ಲಿ ಅರೆಜೀರ್ಣವಾದ ರಾಗಿ. ನಾನು ಬೆಳಿಗ್ಗೆ ಹಾಕಿದ ಕಳಿ ಅದು. ಹಿಂದೆ ಕುಳಿತವರು ವೀಳ್ಯ ಅಗಿಯುತ್ತಾ ಕೇಳುತ್ತಿದ್ದರು. ಆಗ ಅನ್ನಿಸಿತು, ಇದನ್ನು ಕೇಳಬೇಕೆಂದು ನಾನು ಯಾಕೆ ಅಷ್ಟು ಹಠ ಮಾಡಿದೆ?

ಆಮೇಲೆ ಕರುಪ್ಪುಸಾಮಿ. ಕಲ್ಲು ಎತ್ತಿದ್ದನ್ನು ಕಂಡೆ ಎಂದ. ವಕೀಲರು ಬಹಳ ಮೆಲ್ಲಗೆ ಕೇಳಿದರು, ಮೊದಲ ದಿನ ಯಾಕೆ ಹೇಳಲಿಲ್ಲ ಎಂದು. ತಡವರಿಸಿದ. "ಡಾಕ್ಟರ್ ಐಯಾ ಏಟು ಬಿದ್ದಿದೆ ಅಂತ ಬರೆದವ್ರೆ ಅಂತ ಊರಲ್ಲಿ ಹೇಳಿದ್ರು. ಆಗ ನೆನಪಾಯ್ತು" ಎಂದ. ಯಾರು ಹೇಳಿದರು ಎಂದು ಕೇಳಿದರು. "ಎಲ್ರೂ" ಎಂದ. ಜಡ್ಜಿ ಲೇಖನಿ ಕೆಳಗಿಟ್ಟು ಅವನನ್ನು ನೋಡಿದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅವನು ಸುಳ್ಳು ಹೇಳುತ್ತಿರಲಿಲ್ಲ ತಂಗಮಣಿ. ನಾನು ಆಡಿಬಿಟ್ಟ ಮಾತು ಅವನ ಕಣ್ಣಿಗೆ ಕಲ್ಲಾಗಿ ಕಂಡಿತ್ತು, ಅವನು ಅದನ್ನು ನಂಬಿದ್ದ.

ನನ್ನನ್ನು ರಾಮಲಿಂಗಂನ ಕಡೆಯ ಸಾಕ್ಷಿಯೆಂದು ಕರೆದರು. ವಿಚಾರಣೆಗೆ ಎರಡು ದಿನ ಮೊದಲು ನಾನೇ ಬಾಲಸುಬ್ರಮಣಿಯನ್ ವಕೀಲರ ಮನೆಗೆ ಹೋಗಿ ಹೇಳಿ ಬಂದಿದ್ದೆ. ಆರು ಸಲವನ್ನೂ ಹೇಳಿದೆ. ಸರ್ಕಾರದ ವಕೀಲರು, "ಇಷ್ಟು ತಿಂಗಳು ಯಾಕಮ್ಮಾ ಸುಮ್ಮನಿದ್ದೆ? ಈಗ ಮೈದುನನನ್ನ ಉಳಿಸೋಕೆ ಕಟ್ಟಿದ ಕಥೆಯಾ?" ಎಂದರು. "ಮಗಳ ಮದುವೆ ಇದೆ ಐಯಾ" ಎಂದೆ. ಡಾಕ್ಟರನ್ನು ಮತ್ತೆ ನಿಲ್ಲಿಸಿ ಕೇಳಿದರು. ಈ ಹೆಂಗಸು ಹೇಳುವುದು ನಿಜವಾದರೆ ಮೂರ್ಛೆ ಬಂದು ಬಿದ್ದಿರಬಹುದು, ಅಲ್ಲವೆಂದೂ ಹೇಳಲಾರೆ ಎಂದರು. ಸಂಶಯಕ್ಕೆ ಎಡೆಯಿದೆ ಎಂದು ಜಡ್ಜಿ ಬಿಟ್ಟುಬಿಟ್ಟರು. ತಪ್ಪು ಮಾಡಿಲ್ಲ ಎಂದು ಅವರು ಹೇಳಲಿಲ್ಲ.

ನೆಗಮಂನಿಂದ ಮೂರನೆಯ ದಿನಕ್ಕೇ ತಾಂಬೂಲ ವಾಪಸು ಬಂತು. ಚಿನ್ನತಾಯಿ ಅಳಲಿಲ್ಲ. "ಅಪ್ಪಂಗೆ ಹಿಂಗೆ ಅಂತ ನಂಗೆ ಹೇಳಿದ್ರೆ ನಾನೇ ದಿನಾ ಜೊತೇಲಿ ಹೊಳೆಗೆ ಹೋಗ್ತಿದ್ದೆ ಅಲ್ಲವ್ವಾ?" ಎಂದಳು.

ಅತ್ತೆ ರಾಮಲಿಂಗಂ ಜೊತೆ ಮನೆಗೆ ಬಂದಿದ್ದಾರೆ. ನನ್ನ ಕೈಯ ಅನ್ನ ತಿನ್ನುವುದಿಲ್ಲ, ಬೇರೆ ಒಲೆ ಹೂಡಿದ್ದಾರೆ. ಅವರದು ತಪ್ಪೆಂದು ನಾನು ಹೇಳಲಾರೆ. ರಾಮಲಿಂಗಂ ಮಾತ್ರ ನಾನು ಬಡಿಸಿದ್ದನ್ನು ತಿನ್ನುತ್ತಾನೆ. ಬಹಳ ಬಡಕಲಾಗಿದ್ದಾನೆ. ಬರುವ ವಾರ ಮಿಲ್ಲಿಗೆ ಸೇರುತ್ತಾನಂತೆ.

ನೆನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಿದ್ದ. ನಾನು ಕೇಳಿದೆ, ಮೂರ್ಛೆ ಇಲ್ಲ ಅಂತ ವಕೀಲರಿಗೆ ಯಾಕೆ ಹೇಳಿದೆ ಎಂದು. ಅವನಿಗೆ ಗೊತ್ತಿರಲಿಲ್ಲ ಎಂದೇ ನಾನು ತಿಳಿದುಕೊಂಡಿದ್ದೆ.

"ಗೊತ್ತಿತ್ತು ಅತ್ತಿಗೆ" ಎಂದ. "ಹೋದ ವರ್ಷ ಹೊಳೆದಂಡೇಲೇ ಒಂದ್ಸಲ ಬಂದಿತ್ತು. ನಾನೇ ಹಿಡ್ಕೊಂಡಿದ್ದೆ. ಯಾರಿಗೂ ಹೇಳ್ಬೇಡ, ಪಾಪ ಚಿನ್ನತಾಯಿ ಅಂದ. ಅವ್ನು ಹೋದ ಮೇಲೆ ಅದನ್ನ ಹೇಳೋದು ಬಿಡೋದು ನಿಮ್ಮದು ಅಂತ ಇದ್ದೆ. ನೀವು ಹೇಳ್ತೀರಿ, ನೀವು ಹೇಳ್ತೀರಿ ಅಂತ ದಿನಾ ಇದ್ದೆ."

ಆರನೆಯ ಸಲ ನಾನು ಕಾಣದೆ ಬಂದದ್ದು, ಇವರೇ ಬಂದು ನನಗೆ ಹೇಳಿದ್ದರು. ಪಕ್ಕದಲ್ಲಿ ಯಾರಿದ್ದರೆಂದು ಹೇಳಿರಲಿಲ್ಲ.

ಗೊತ್ತಿದ್ದೂ ಹೊಳೆಯಲ್ಲಿ ಒಬ್ಬರನ್ನೇ ಬಿಟ್ಟು ಬಂದೆಯಾ ಎಂದು ಕೇಳಲು ಬಾಯಿ ತೆರೆದೆ. ಕೇಳಲಿಲ್ಲ. ಅವನ ಮುಖ ನೋಡಿದರೆ ಆ ಪ್ರಶ್ನೆಯನ್ನು ಅವನು ಜೈಲಿನಲ್ಲಿ ದಿನವೂ ಕೇಳಿಕೊಂಡ ಹಾಗಿತ್ತು. ತಾನಾಗಿಯೇ ಹೇಳಿದ. "ತಳ್ಳಿದ್ದು ನಿಜ. ಕೋಪ ಬಂದಿತ್ತು. ನೂಲು ಎತ್ಕೊಂಡು ಏರಿ ಹತ್ತಿದೆ. ಮೇಲೆ ಹೋಗಿ ತಿರುಗಿ ನೋಡಿದೆ ಅತ್ತಿಗೆ. ನಿಂತಿದ್ದ. ಮೊಣಕಾಲು ನೀರಲ್ಲಿ ನಿಂತು ನನ್ನೇ ನೋಡ್ತಿದ್ದ. ಕೈ ಎತ್ತಿ ಹೋಗು ಹೋಗು ಅಂದ. ನಗ್ತಿದ್ದ ಅನ್ಸುತ್ತೆ."

ಡಾಕ್ಟರ ಕಾಗದದಲ್ಲಿ ಅದಿಲ್ಲ, ಕೋರ್ಟಿನಲ್ಲಿ ಯಾರೂ ಅದನ್ನು ಕೇಳಲಿಲ್ಲ. ನಿಜವಾಗಿ ಕಂಡದ್ದೋ, ನನಗಾಗಿ ಹೇಳಿದ್ದೋ, ಕರುಪ್ಪುಸಾಮಿಗೆ ಕಲ್ಲು ಕಂಡ ಹಾಗೆ ಇವನಿಗೆ ಆ ನಗು ಕಂಡಿತೋ, ಗೊತ್ತಿಲ್ಲ. ಅವನು ತಟ್ಟೆಯ ಮುಂದೆ ಅಳುತ್ತಿದ್ದ. ನಾನು ಇನ್ನೊಂದು ಸಲ ಹೇಳು ಎಂದೆ. ಹೇಳಿದ.

ನಿನ್ನ ಅಕ್ಕ
ರುಕ್ಮಣಿ